ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮೇಶ್ವರರು

ಸಂಕ್ರಾಂತಿ ಅಂದ್ರೆ ನಮಗೆಲ್ಲ ಎಳ್ಳು ಬೆಲ್ಲ, ಕಬ್ಬು ಅಷ್ಟೇ ನೆನಪಾಗುತ್ತದೆ. ಆದರೆ ಸಂಕ್ರಾಂತಿ ಹೊತ್ತಿಗೇ ನಮ್ಮ ರಾಜ್ಯದಲ್ಲಿ ಸಿದ್ಧರಾಮೇಶ್ವರ ಜಯಂತಿಯೂ ನಡೆಯುತ್ತದೆ. ನಮ್ಮ ತಾತ ಕಲ್ಲು ಒಡೆಯುವ ಕೆಲಸ ಮಾಡ್ತಿದ್ರು. ನಮ್ಮನೇಲಿ ಇವರ ಪಟ ಇದೆ. ಭೋವಿ ಜನ ಇವರನ್ನು ಕುಲಗುರು ಅಂತ ಪೂಜಿಸುತ್ತಾರೆ. ಆದ್ದರಿಂದ ಈ ಸಲ ಇವರ ಬಗ್ಗೆ ಬರೆಯುತ್ತಿದ್ದೇನೆ.

ಹುಟ್ಟು ಮತ್ತು ಬಾಲ್ಯ

ಸಿದ್ಧರಾಮೇಶ್ವರರು 12ನೇ ಶತಮಾನದಲ್ಲಿ ಸೊನ್ನಲಿಗೆ ಎಂಬ ಊರಿನಲ್ಲಿ ಹುಟ್ಟಿದರು. ಈಗ ಆ ಊರಿಗೆ ಸೊಲ್ಲಾಪುರ ಅಂತಾರೆ. ಅದು ಮಹಾರಾಷ್ಟ್ರದಲ್ಲಿದೆ, ಆದರೂ ಅಲ್ಲಿ ಕನ್ನಡ ಮಾತಾಡುವವರು ತುಂಬಾ ಇದ್ದಾರೆ. ತಂದೆ ಮುದ್ದುಗೌಡ, ತಾಯಿ ಸುಗ್ಗವ್ವೆ.

ಚಿಕ್ಕವರಿದ್ದಾಗ ಇವರು ಯಾರ ಹತ್ತಿರವೂ ಹೆಚ್ಚು ಮಾತಾಡುತ್ತಿರಲಿಲ್ಲ. ಇವನು ದಡ್ಡ ಅಂತಲೇ ಎಲ್ಲರೂ ತಿಳಿದಿದ್ದರು. ಒಂದು ದಿನ ಹೊಲ ಕಾಯುತ್ತಿದ್ದಾಗ ಒಬ್ಬ ಜಂಗಮ ಬಂದರು. ತಮ್ಮ ಹೆಸರು ಮಲ್ಲಯ್ಯ ಅಂದರು. ಹುಡುಗ ತೆನೆ ಸುಟ್ಟು ಕೊಟ್ಟ. ತಿಂದ ಮೇಲೆ ಅವರು ಮಜ್ಜಿಗೆ ಅನ್ನ ಕೇಳಿದರು. ಹುಡುಗ ಮನೆಗೆ ಓಡಿ ಹೋಗಿ ತಂದ. ಅಷ್ಟರಲ್ಲಿ ಮಲ್ಲಯ್ಯ ಇರಲಿಲ್ಲ! ಹುಡುಗ ಅಳುತ್ತಾ ಹುಡುಕಿದ. ದಾರೀಲಿ ಹೋಗುತ್ತಿದ್ದ ಯಾತ್ರಿಕರು ಮಲ್ಲಯ್ಯ ಶ್ರೀಶೈಲದಲ್ಲಿದ್ದಾನೆ ಅಂತ ಹೇಳಿ ಕರೆದುಕೊಂಡು ಹೋದರು. ಅಲ್ಲಿ ಗುಡಿಯ ಲಿಂಗ ತೋರಿಸಿದರು. ನನಗೆ ಬೇಕಾದ ಮಲ್ಲಯ್ಯ ಇದಲ್ಲ ಅಂತ ಹುಡುಗ ಬೆಟ್ಟವೆಲ್ಲ ಅಲೆದ. ಕೊನೆಗೆ ಕೊಳ್ಳಕ್ಕೆ ಬೀಳಲು ಹೋದಾಗ ಮಲ್ಲಿಕಾರ್ಜುನನೇ ಬಂದು ಹಿಡಿದುಕೊಂಡ, ಊರಿಗೆ ಹೋಗಿ ಜನರ ಸೇವೆ ಮಾಡು ಅಂತ ಕಳಿಸಿದ ಎಂದು ಕಥೆಯಲ್ಲಿದೆ.

ಕೆರೆಯ ಕೆಲಸ

ಊರಿಗೆ ಬಂದ ಸಿದ್ಧರಾಮರು ಗುಡಿ ಕಟ್ಟಿಸಿದರು. ಜನರನ್ನು ಸೇರಿಸಿ ದೊಡ್ಡ ಕೆರೆ ತೋಡಿಸಿದರು. ಸೊಲ್ಲಾಪುರ ಒಣ ಸೀಮೆ, ಮಳೆ ಕಮ್ಮಿ. ಅಂಥ ಊರಲ್ಲಿ ಕೆರೆ ಅಂದ್ರೆ ಜೀವ ಇದ್ದ ಹಾಗೆ.

ಕೆರೆ ಕೆಲಸ ನಡೆಯುವಾಗ ಅಲ್ಲಮಪ್ರಭುಗಳು ಬಂದು ಒಡ್ಡರಾಮ ಎಲ್ಲಿ ಅಂತ ಕೇಳಿದರಂತೆ. ಕೆಲಸದವರಿಗೆ ಸಿಟ್ಟು ಬಂದು ಕಲ್ಲು ಎಸೆದರು. ಅವರಿಗೆ ಒಂದು ಕಲ್ಲೂ ತಾಕಲಿಲ್ಲ. ಸಿದ್ಧರಾಮರಿಗೂ ಮೊದಲು ಬಹಳ ಕೋಪ ಬಂತು. ಆಮೇಲೆ ಹೊರಗಿನ ಕೆರೆ ಜೊತೆ ಮನಸ್ಸಿನ ಒಳಗೂ ನೋಡಿಕೊಳ್ಳಬೇಕು ಎಂದು ಅರ್ಥವಾಯಿತು. ಅಲ್ಲಮರ ಜೊತೆ ಕಲ್ಯಾಣಕ್ಕೆ ಹೋಗಿ ಬಸವಣ್ಣನವರನ್ನು ಕಂಡರು. ತಮಗಿಂತ ಚಿಕ್ಕವರಾದ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದರು. ಮುಂದೆ ರಾಘವಾಂಕ ಕವಿ ಇವರ ಮೇಲೆ ಸಿದ್ಧರಾಮ ಚಾರಿತ್ರ ಎಂಬ ಕಾವ್ಯ ಬರೆದನು.

ನೋಡಬೇಕಾದ ಸ್ಥಳಗಳು

1. ಸೊಲ್ಲಾಪುರ: ವಿಜಯಪುರದಿಂದ ಸುಮಾರು 100 ಕಿಲೋಮೀಟರ್. ಕೆರೆಯ ನೀರಿನ ನಡುವೆ ಸಿದ್ಧೇಶ್ವರ ಗುಡಿ ಇದೆ. ಅವರ ಸಮಾಧಿ ಅಲ್ಲೇ ಇದೆ. ಪಕ್ಕದಲ್ಲಿ ಹಳೇ ಕೋಟೆ. ಅವರು ಊರ ಸುತ್ತ 68 ಲಿಂಗ ಸ್ಥಾಪಿಸಿದರು ಅಂತಾರೆ. ಸಂಕ್ರಾಂತಿಗೆ ದೊಡ್ಡ ಜಾತ್ರೆ. ಆಗ ಉದ್ದುದ್ದ ನಂದಿಧ್ವಜಗಳನ್ನು ಹೊತ್ತು ಮೆರವಣಿಗೆ ಮಾಡುತ್ತಾರೆ. ಇವರನ್ನೇ ಮದುವೆಯಾಗುತ್ತೇನೆ ಎಂದ ಕುಂಬಾರರ ಹುಡುಗಿಗೆ ಇವರ ಯೋಗದಂಡದ ಜೊತೆ ಮದುವೆ ಆಯಿತಂತೆ. ಅದರ ನೆನಪಿಗೆ ಜಾತ್ರೆಯಲ್ಲಿ ಮದುವೆ ಶಾಸ್ತ್ರವೂ ಇದೆ.
2. ಶ್ರೀಶೈಲ: ಆಂಧ್ರಪ್ರದೇಶದಲ್ಲಿ ಕೃಷ್ಣಾ ನದಿ ಹತ್ತಿರದ ಬೆಟ್ಟ. ಮಲ್ಲಿಕಾರ್ಜುನನ ಗುಡಿ ಇದೆ.
3. ಬಸವಕಲ್ಯಾಣ: ಬೀದರ್ ಜಿಲ್ಲೆಯಲ್ಲಿದೆ. ಶರಣರು ಸೇರುತ್ತಿದ್ದ ಊರು.

ನಾವು ಕಲಿಯಬೇಕಾದದ್ದು

ನಮ್ಮ ಬೆಂಗಳೂರಲ್ಲಿ ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಬತ್ತಿದವು. ಅವಾಗ ಅಮ್ಮನೂ ನಾನೂ ಬಿಂದಿಗೆ ಇಟ್ಟುಕೊಂಡು ಟ್ಯಾಂಕರ್ ಕಾಯುತ್ತಾ ನಿಂತಿದ್ವಿ. ಸಾಲಲ್ಲಿ ಜಗಳ ಆಗಿ ಒಬ್ಬರು ನಮ್ಮನ್ನು ಒಡ್ಡರು ಅಂತ ಹಂಗಿಸಿದರು. ನಾನು ಅತ್ತೆ. ಮನೆಗೆ ಬಂದ ಮೇಲೆ ತಾತ ಒಡ್ಡರಾಮನ ಈ ಕಥೆ ಹೇಳಿದರು. ಕಲ್ಲು ಮಣ್ಣು ಹೊತ್ತವರಿಂದಲೇ ಕೆರೆ ಆಗಿದ್ದು, ಆ ಕೆರೆಯಿಂದಲೇ ಊರು ಕುಡಿದಿದ್ದು. ಈಗ ಯಾರಾದರೂ ಹಾಗೆ ಅಂದ್ರೆ ನಾನು ಅಳಲ್ಲ.

ಸ್ನೇಹಿತರೇ, ಕೆರೆ ತೋಡೋಕೆ ನಮ್ಮಿಂದ ಆಗದಿದ್ದರೂ ಇರುವ ಕೆರೆಗೆ ಕಸ ಹಾಕದೇ ಇರಬಹುದಲ್ಲವೇ?

— 7ನೇ ತರಗತಿ ವಿದ್ಯಾರ್ಥಿನಿ, ಜಾಲಹಳ್ಳಿ