ಮನುಷ್ಯ ಕುಟುಂಬದ ಚಿತ್ರಗಳನ್ನು ಕೂಡಿಸಿದವರು

ಎರಡು ಮಹಾಯುದ್ಧಗಳಲ್ಲಿ ಕ್ಯಾಮೆರಾದೊಂದಿಗೆ ಕೆಲಸ ಮಾಡಿದ ಒಬ್ಬರು, ಕೊನೆಗೆ ಯುದ್ಧದ ಚಿತ್ರಗಳನ್ನು ಬದಿಗಿಟ್ಟು, ತಾಯಿ ಮಗು, ಊಟ, ಆಟ, ದುಡಿಮೆ, ಸಾವುಗಳ ಚಿತ್ರಗಳನ್ನು ಗೋಡೆಗೆ ಹಾಕಿದರು. ಅವರೇ ಎಡ್ವರ್ಡ್ ಸ್ಟೈಕೆನ್. ಛಾಯಾಗ್ರಹಣದ ಇತಿಹಾಸದಲ್ಲಿ ಅವರದು ದೊಡ್ಡ ಹೆಸರು. ಆದರೆ ಅವರ ಬಗ್ಗೆ ಬರೆಯಬೇಕೆಂದು ನನಗೆ ಅನಿಸಿದ್ದು ಅವರು ತೆಗೆದ ಚಿತ್ರಗಳಿಗಿಂತ ಹೆಚ್ಚಾಗಿ, ಬೇರೆಯವರು ತೆಗೆದ ಚಿತ್ರಗಳನ್ನು ಅವರು ಜೋಡಿಸಿದ ರೀತಿಯಿಂದ.

ಸ್ಟೈಕೆನ್ ಹುಟ್ಟಿದ್ದು 1879ರ ಮಾರ್ಚ್ 27ರಂದು, ಯುರೋಪಿನ ಪುಟ್ಟ ದೇಶ ಲಕ್ಸೆಂಬರ್ಗ್‌ನ ಒಂದು ಹಳ್ಳಿಯಲ್ಲಿ. ಅವರು ಇನ್ನೂ ಎಳೆಯ ಮಗುವಾಗಿದ್ದಾಗಲೇ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ತಂದೆ ಮಿಷಿಗನ್ ರಾಜ್ಯದ ತಾಮ್ರದ ಗಣಿಯಲ್ಲಿ ದುಡಿದು ಆರೋಗ್ಯ ಕಳೆದುಕೊಂಡರು. ಆಮೇಲೆ ಮನೆಯ ಹೊರೆ ಹೊತ್ತವರು ತಾಯಿ. ಹೆಂಗಸರ ಟೋಪಿಗಳನ್ನು ತಯಾರಿಸಿ ಮಾರುವ ಅಂಗಡಿ ಇಟ್ಟು ಅವರು ಮಕ್ಕಳನ್ನು ಸಾಕಿದರು.

ಬಾಲ್ಯದ ಒಂದು ಘಟನೆಯನ್ನು ಸ್ಟೈಕೆನ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಒಂದು ದಿನ ಅವರು ಬೀದಿಯಲ್ಲಿದ್ದ ಒಬ್ಬ ಹುಡುಗನನ್ನು ಯಹೂದಿಯೆಂದು ಹೀನಾಯವಾಗಿ ಬೈದು ಅಂಗಡಿಯೊಳಗೆ ಬಂದರು. ತಾಯಿಗೆ ಅದು ಕೇಳಿಸಿತು. ಅವರು ವ್ಯಾಪಾರ ನಿಲ್ಲಿಸಿ, ಅಂಗಡಿಯ ಬಾಗಿಲು ಹಾಕಿ, ಮಗನನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತನಾಡಿದರು. ಜನಾಂಗ, ಧರ್ಮ, ಬಣ್ಣ ಯಾವುದೇ ಇರಲಿ, ಮನುಷ್ಯರೆಲ್ಲ ಒಂದೇ ಎಂಬುದು ಆ ಮಾತಿನ ತಿರುಳು. ಮುಂದೆ ತಾವು ಮಾಡಿದ ದೊಡ್ಡ ಕೆಲಸದ ಬೀಜ ಬಿದ್ದದ್ದು ಅಂದೇ ಎಂದು ಅವರು ನಂಬಿದ್ದರು. ದಿನದ ಗಳಿಕೆಯಿಂದಲೇ ಮನೆ ನಡೆಸುವ ತಾಯಿಯೊಬ್ಬರು ಅದಕ್ಕಾಗಿ ಬಾಗಿಲು ಹಾಕಿದರಲ್ಲ, ನನಗೆ ಅದು ದೊಡ್ಡದಾಗಿ ಕಾಣುತ್ತದೆ.

15ನೆಯ ವಯಸ್ಸಿಗೆ ಸ್ಟೈಕೆನ್ ಮಿಲ್ವಾಕಿ ನಗರದ ಒಂದು ಮುದ್ರಣಾಲಯದಲ್ಲಿ ಕಲ್ಲಚ್ಚಿನ ಕೆಲಸ ಕಲಿಯಲು ಸೇರಿದರು. ಮರುವರ್ಷವೇ ಕ್ಯಾಮೆರಾ ಕೊಂಡರು. 1900ರಲ್ಲಿ ಚಿತ್ರಕಲೆಯ ಹಂಬಲದಿಂದ ಪ್ಯಾರಿಸ್‌ಗೆ ಹೋದರು. ಫೋಟೋ ಎಂದರೆ ಯಂತ್ರದ ಕೆಲಸ, ಅದು ಕಲೆಯಲ್ಲ ಎಂದು ಹಲವರು ತಿಳಿದಿದ್ದ ಕಾಲ ಅದು. ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎಂಬ ಹಿರಿಯ ಛಾಯಾಗ್ರಾಹಕರೊಡನೆ ಸೇರಿ ಸ್ಟೈಕೆನ್ 1905ರಲ್ಲಿ ನ್ಯೂಯಾರ್ಕ್‌ನಲ್ಲಿ ಗ್ಯಾಲರಿಯೊಂದನ್ನು ತೆರೆದರು. ಫೋಟೋಗೆ ಚಿತ್ರಕಲೆಯ ಪಕ್ಕದಲ್ಲಿ ಸ್ಥಾನ ದೊರಕಿಸಿಕೊಟ್ಟವರಲ್ಲಿ ಈ ಇಬ್ಬರೂ ಪ್ರಮುಖರು.

ಮೊದಲ ಮಹಾಯುದ್ಧ ಅವರನ್ನು ಬದಲಾಯಿಸಿತು. ಫ್ರಾನ್ಸಿನಲ್ಲಿದ್ದ ಅಮೆರಿಕದ ಸೇನೆಗೆ ವಿಮಾನದಿಂದ ಶತ್ರುನೆಲೆಗಳ ಚಿತ್ರ ತೆಗೆಯುವ ವಿಭಾಗದ ಹೊಣೆ ಅವರದಾಗಿತ್ತು. ಆ ಚಿತ್ರಗಳಲ್ಲಿ ಮಬ್ಬು, ಸೊಗಸು ಯಾವುದಕ್ಕೂ ಜಾಗವಿರಲಿಲ್ಲ. ಸ್ಪಷ್ಟತೆಯೊಂದೇ ಬೇಕಿತ್ತು. ಯುದ್ಧ ಮುಗಿದ ಮೇಲೆ ಅವರು ತಮ್ಮ ಬಳಿಯಿದ್ದ ವರ್ಣಚಿತ್ರಗಳನ್ನೆಲ್ಲ ಸುಟ್ಟುಹಾಕಿದರು. ಒಂದು ಬಿಳಿಯ ಕಪ್ಪು-ಬಸಿಯನ್ನು ಎದುರಿಗಿಟ್ಟು, ಬೆಳಕನ್ನು ಬದಲಿಸುತ್ತ, ಸಾವಿರಕ್ಕೂ ಹೆಚ್ಚು ಸಲ ಅದರ ಚಿತ್ರ ತೆಗೆದು ತಮ್ಮ ಕಣ್ಣನ್ನು ಪಳಗಿಸಿಕೊಂಡರು. ನಂತರ 1923ರಿಂದ 15 ವರ್ಷ ‘ವೋಗ್’ ಮತ್ತು ‘ವ್ಯಾನಿಟಿ ಫೇರ್’ ಪತ್ರಿಕೆಗಳಿಗೆ ಚಿತ್ರ ತೆಗೆದು ಹಣ, ಹೆಸರು ಎರಡನ್ನೂ ಗಳಿಸಿದರು.

ಎರಡನೆಯ ಮಹಾಯುದ್ಧ ಬಂದಾಗ ಅವರಿಗೆ 60 ದಾಟಿತ್ತು. ಆದರೂ ನೌಕಾಪಡೆ ಸೇರಿ ಛಾಯಾಗ್ರಾಹಕರ ತಂಡವೊಂದನ್ನು ಕಟ್ಟಿದರು. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಯುದ್ಧದ ಚಿತ್ರಗಳ ಪ್ರದರ್ಶನಗಳನ್ನು ನಡೆಸಿದರು. 1947ರಲ್ಲಿ ಅದೇ ಸಂಗ್ರಹಾಲಯದ ಛಾಯಾಗ್ರಹಣ ವಿಭಾಗದ ನಿರ್ದೇಶಕರಾದ ಮೇಲೆ ಕೊರಿಯಾ ಯುದ್ಧದ ಚಿತ್ರಗಳನ್ನೂ ತೋರಿಸಿದರು. ಜನ ಬಂದರು, ನೋಡಿದರು, ಮರುಗಿದರು, ಮನೆಗೆ ಹೋದರು. ಯುದ್ಧ ಮಾತ್ರ ನಿಲ್ಲಲಿಲ್ಲ. ಭೀಕರತೆಯನ್ನು ತೋರಿಸಿ ಜನರಲ್ಲಿ ಯುದ್ಧದ ಬಗ್ಗೆ ಅಸಹ್ಯ ಹುಟ್ಟಿಸುವುದು ತಮ್ಮಿಂದ ಆಗಲಿಲ್ಲ ಎಂದು ಅವರು ಒಪ್ಪಿಕೊಂಡರು. ಹಾಗಾದರೆ ಯುದ್ಧ ನಾಶಮಾಡುವುದು ಯಾವುದನ್ನು ಎಂದು ತೋರಿಸಿದರೆ ಹೇಗೆ? ಈ ಯೋಚನೆಯಿಂದ ಹುಟ್ಟಿದ್ದು ‘ದಿ ಫ್ಯಾಮಿಲಿ ಆಫ್ ಮ್ಯಾನ್’, ಅಂದರೆ ಮನುಷ್ಯ ಕುಟುಂಬ.

ಸ್ಟೈಕೆನ್ ಮತ್ತು ಅವರ ಸಹಾಯಕ ವೇಯ್ನ್ ಮಿಲ್ಲರ್ ಲಕ್ಷಗಟ್ಟಲೆ ಚಿತ್ರಗಳನ್ನು ಜಾಲಾಡಿದರು. ಕೊನೆಗೆ ಉಳಿಸಿಕೊಂಡದ್ದು 68 ದೇಶಗಳ 503 ಚಿತ್ರಗಳನ್ನು. ಅವನ್ನು ತೆಗೆದವರು 273 ಮಂದಿ. 1955ರ ಜನವರಿ 24ರಂದು ಪ್ರದರ್ಶನ ತೆರೆಯಿತು. ಚಿತ್ರಗಳನ್ನು ದೇಶದ ಪ್ರಕಾರ ಜೋಡಿಸದೆ ಬದುಕಿನ ಘಟ್ಟಗಳ ಪ್ರಕಾರ ಜೋಡಿಸಿದ್ದು ಅದರ ವಿಶೇಷ. ಪ್ರೀತಿ, ಹೆರಿಗೆ, ಬಾಲ್ಯ, ದುಡಿಮೆ, ಕುಣಿತ, ಹಸಿವು, ಮುಪ್ಪು, ಸಾವು ಹೀಗೆ. ಒಂದು ದೇಶದ ತಾಯಿಯ ಪಕ್ಕದಲ್ಲೇ ಇನ್ನೊಂದು ದೇಶದ ತಾಯಿ ಇರುತ್ತಿದ್ದರು. ತಾಯಿಯೂ ಅಕ್ಕನೂ ಸೇರಿ ಪುಟ್ಟ ಅಪುವಿನ ತಲೆ ಬಾಚುವ ‘ಪಥೇರ್ ಪಾಂಚಾಲಿ’ಯ ದೃಶ್ಯವೂ ಅಲ್ಲಿತ್ತು. ಒಂದು ಕೋಣೆಯಲ್ಲಿ ಜಲಜನಕ ಬಾಂಬಿನ ಸ್ಫೋಟದ ಬೃಹತ್ ವರ್ಣಚಿತ್ರವಿತ್ತು. ಉಳಿದವೆಲ್ಲ ಕಪ್ಪುಬಿಳುಪು. ಕೊನೆಯಲ್ಲಿ, ಕತ್ತಲಿನ ಪೊದೆಯಿಂದ ಬೆಳಕಿನತ್ತ ಹೆಜ್ಜೆಯಿಡುವ ಇಬ್ಬರು ಪುಟ್ಟ ಮಕ್ಕಳ ಚಿತ್ರ. ಅದನ್ನು ತೆಗೆದ ಯೂಜೀನ್ ಸ್ಮಿತ್ ಯುದ್ಧಭೂಮಿಯಲ್ಲಿ ತೀವ್ರವಾಗಿ ಗಾಯಗೊಂಡು ಬಂದವರು. ಆ ಮಕ್ಕಳು ಅವರವೇ.

ಅಮೆರಿಕ ಸರ್ಕಾರ ಈ ಪ್ರದರ್ಶನದ ಪ್ರತಿಗಳನ್ನು ಜಗತ್ತಿನ ಹಲವು ಕಡೆಗೆ ಕಳುಹಿಸಿತು. ಮುಂಬೈಗೂ ಅದು ಬಂದಿತ್ತು. ಒಟ್ಟು 90 ಲಕ್ಷಕ್ಕೂ ಹೆಚ್ಚು ಜನ ನೋಡಿದರೆಂದು ಲೆಕ್ಕ.

ಮೆಚ್ಚಿದವರ ಜೊತೆಗೆ ಪ್ರಶ್ನಿಸಿದವರೂ ಇದ್ದರು. ಫ್ರಾನ್ಸಿನ ಚಿಂತಕ ರೋಲಾಂ ಬಾರ್ತ್ ಅವರ ಆಕ್ಷೇಪ ಸರಳವಾದದ್ದು. ಎಲ್ಲರೂ ಹುಟ್ಟುತ್ತಾರೆ, ಎಲ್ಲರೂ ಸಾಯುತ್ತಾರೆ, ನಿಜ. ಆದರೆ ಒಂದು ಮಗು ಎಂಥ ಮನೆಯಲ್ಲಿ ಹುಟ್ಟುತ್ತದೆ, ಬದುಕಿ ಉಳಿಯುತ್ತದೆಯೇ ಎಂಬುದು ಎಲ್ಲೆಡೆ ಒಂದೇ ಅಲ್ಲವಲ್ಲ? 1959ರಲ್ಲಿ ಮಾಸ್ಕೋದಲ್ಲಿ ನೈಜೀರಿಯಾದ ವಿದ್ಯಾರ್ಥಿಯೊಬ್ಬ ಕೆಲವು ಚಿತ್ರಗಳನ್ನು ಕಿತ್ತುಹಾಕಿದ. ಬಿಳಿಯರನ್ನು ಗೌರವದಿಂದ ತೋರಿಸಿ ಆಫ್ರಿಕಾ, ಏಷ್ಯಾದವರನ್ನು ಅರೆಬೆತ್ತಲೆಯಾಗಿ, ದೀನರಾಗಿ ತೋರಿಸಿದ್ದಾರೆ ಎಂಬುದು ಅವನ ಸಿಟ್ಟು. ಅಮೆರಿಕದಲ್ಲಿ ಜನರ ಗುಂಪೊಂದು ಕೊಂದ ಕಪ್ಪು ವರ್ಣದ ವ್ಯಕ್ತಿಯ ಚಿತ್ರವನ್ನು ಸ್ಟೈಕೆನ್ ಮೊದಲು ಇಟ್ಟು, ಸ್ವಲ್ಪ ದಿನಗಳಲ್ಲೇ ತೆಗೆದದ್ದೂ ನಿಜ.

ಚಿತ್ರ ಕಿತ್ತದ್ದು ತಪ್ಪು. ಆದರೂ ಆ ವಿದ್ಯಾರ್ಥಿಯ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಬೇರೆಯವರು ತೆಗೆದ ಚಿತ್ರದಲ್ಲಿ ನಮ್ಮವರು ಹೇಗೆ ಕಾಣುತ್ತಾರೆ ಎಂಬುದು ನಮಗೂ ತಾಗುವ ವಿಷಯವೇ. ಗಡ್ಡ ಟೋಪಿಯ ಒಬ್ಬರ, ಬುರ್ಖಾ ತೊಟ್ಟ ಒಬ್ಬಳ ಚಿತ್ರದ ಕೆಳಗೆ ಯಾರು ಏನು ಬರೆಯುತ್ತಾರೋ ಎಂಬ ಅಳುಕು ನಮ್ಮಲ್ಲಿ ಹಲವರಿಗೆ ಗೊತ್ತು. ಮನುಷ್ಯರನ್ನು ಬೇರೆ ಬೇರೆ ಜನಾಂಗಗಳಾಗಿ ಮಾಡಿರುವುದು ಪರಸ್ಪರ ಅರಿಯಲಿಕ್ಕಾಗಿ ಎಂದು ನಾವು ಸೂರಃ ಹುಜುರಾತ್‌ನಿಂದ ಕಲಿತಿದ್ದೇವೆ. ಅರಿಯುವುದೆಂದರೆ ವ್ಯತ್ಯಾಸವನ್ನು ಅಳಿಸುವುದಲ್ಲ. ಅವನೂ ನನ್ನ ಹಾಗೆಯೇ ಎಂದು ಒಂದು ಚಿತ್ರ ಹೇಳಬಲ್ಲದು. ಅವನ ಹೆಸರೇನು, ಅವನ ಕಷ್ಟವೇನು, ಅದಕ್ಕೆ ಕಾರಣ ಯಾರು ಎಂದು ಆಮೇಲೆ ನಾವೇ ಕೇಳಬೇಕು. ಸ್ಟೈಕೆನ್ ಬಾಗಿಲು ತೆರೆದರು. ಒಳಗೆ ನಡೆಯುವುದು ನೋಡುಗರ ಪಾಲಿನ ಕೆಲಸ.

ಸ್ಟೈಕೆನ್ 1973ರ ಮಾರ್ಚ್ 25ರಂದು, 94 ತುಂಬಲು ಎರಡೇ ದಿನ ಇರುವಾಗ ತೀರಿಕೊಂಡರು. ಅವರ ಇಷ್ಟದಂತೆ ಆ ಚಿತ್ರಗಳು ಇಂದು ಅವರು ಹುಟ್ಟಿದ ಲಕ್ಸೆಂಬರ್ಗ್‌ನಲ್ಲೇ ಇವೆ. 1994ರಿಂದ ಕ್ಲೆರ್ವೋ ಊರಿನ ಕೋಟೆಯಲ್ಲಿ ಅವನ್ನು ಕಾಯಂ ಪ್ರದರ್ಶನಕ್ಕೆ ಇಡಲಾಗಿದೆ. 2003ರಲ್ಲಿ ಯುನೆಸ್ಕೊ ಅವನ್ನು ‘ಜಗತ್ತಿನ ಸ್ಮೃತಿ’ ಪಟ್ಟಿಗೆ ಸೇರಿಸಿತು.

ಈಗ ನಮ್ಮ ಕೈಯಲ್ಲೂ ಕ್ಯಾಮೆರಾ ಇದೆ. ಬಸ್‌ಸ್ಟ್ಯಾಂಡಿನ ಹಮಾಲಿಯ, ಸಂತೆಯಲ್ಲಿ ಮೀನು ಮಾರುವ ಅಜ್ಜಿಯ ಫೋಟೋ ತೆಗೆಯಬೇಕೆನಿಸಿದರೆ, ಮೊದಲು ಸಲಾಮೋ ನಮಸ್ಕಾರವೋ ಹೇಳಿ, ಒಪ್ಪಿಗೆ ಕೇಳಿ, ನಾಲ್ಕು ಮಾತಾಡೋಣ. ತೆಗೆದ ಮೇಲೆ ಅವರಿಗೂ ತೋರಿಸೋಣ. ತಮ್ಮ ಚಿತ್ರ ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಅವರೇ ಹೇಳಲಿ.