ವಿಜ್ಞಾನಿ ಪರಿಚಯ: ಡಾ. ಜಿ. ಎನ್. ರಾಮಚಂದ್ರನ್

ಸರ್ ಸಿ. ವಿ. ರಾಮನ್ ಅವರ ಹೆಸರು ಕೇಳದವರು ನಮ್ಮ ಶಾಲೆಯಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ಅವರ ಶಿಷ್ಯ ರಾಮಚಂದ್ರನ್ ಅವರ ಹೆಸರು ಕೇಳಿದವರು ಎಷ್ಟು ಮಂದಿ? ನಾನೂ ಮೊದಲು ಕೇಳಿರಲಿಲ್ಲ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅಪರೂಪದ ಕಾಯಿಲೆಗಳಿಗೆ ಮದ್ದು ಹುಡುಕುವವರು ಈಗ ಇದ್ದಾರಲ್ಲ, ಅವರು ದಿನಾ ನೋಡುವ ಒಂದು ನಕ್ಷೆ ಇವರದ್ದು.

ರಾಮಚಂದ್ರನ್ ಹುಟ್ಟಿದ್ದು 1922ನೇ ಇಸವಿ ಅಕ್ಟೋಬರ್ 8ರಂದು, ಕೇರಳದ ಎರ್ನಾಕುಳಂನಲ್ಲಿ. ತಂದೆ ನಾರಾಯಣ ಅಯ್ಯರ್ ಕಾಲೇಜಿನಲ್ಲಿ ಗಣಿತದ ಪ್ರೊಫೆಸರ್. ಮಗ ತಿರುಚಿರಾಪಳ್ಳಿಯಲ್ಲಿ ಡಿಗ್ರಿ ಮುಗಿಸಿ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸೇರಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗಿಗೆ! ಹುಡುಗನ ಬುದ್ಧಿ ಕಂಡ ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಆಮೇಲೆ ಕೇಂಬ್ರಿಜ್‌ಗೆ ಹೋಗಿ ಪಿಎಚ್.ಡಿ. ಮಾಡಿ ಬಂದರು. 1952ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಆಗ ವಯಸ್ಸು ಸುಮಾರು 30 ಮಾತ್ರ.

ಆ ಕಾಲಕ್ಕೆ ಮದ್ರಾಸಿಗೆ ಬಂದ ಬರ್ನಾಲ್ ಎಂಬ ಇಂಗ್ಲೆಂಡಿನ ವಿಜ್ಞಾನಿ, ಕೊಲಾಜೆನ್ನಿನ ರಚನೆ ಇನ್ನೂ ಯಾರಿಗೂ ಸರಿಯಾಗಿ ಗೊತ್ತಾಗಿಲ್ಲ ಅಂತ ಮಾತಿನ ನಡುವೆ ಹೇಳಿದರು. ಕೊಲಾಜೆನ್ ಅಂದರೆ ಎಂತ? ನಮ್ಮ ಚರ್ಮ, ಎಲುಬು, ಸ್ನಾಯುರಜ್ಜುಗಳಲ್ಲಿ ಇರುವ ಪ್ರೋಟೀನು. ರಾಮಚಂದ್ರನ್ ಅದನ್ನೇ ಹಿಡಿದುಕೊಂಡರು. ಮದ್ರಾಸಿನ ಚರ್ಮ ಸಂಶೋಧನಾ ಸಂಸ್ಥೆಯ ಮೂಲಕ ಸಿಕ್ಕಿದ ಕಾಂಗರೂ ಬಾಲದ ಸ್ನಾಯುರಜ್ಜುವಿಗೆ ಎಕ್ಸ್‌ರೇ ಹಾಯಿಸಿ ನೋಡಿದರು. ಗೋಪೀನಾಥ ಕರ್ತಾ ಎಂಬ ಸಹೋದ್ಯೋಗಿಯ ಜೊತೆ 1954 ಮತ್ತು 1955ರಲ್ಲಿ ಉತ್ತರ ಪ್ರಕಟಿಸಿದರು. ಕತ್ತದ ಹಗ್ಗ ಹೊಸೆಯುವುದನ್ನು ನೀವೆಲ್ಲ ಕಂಡಿದ್ದೀರಿ. ಹಾಗೆ ಮೂರು ಎಳೆ ಒಟ್ಟಿಗೆ ಹುರಿಗೊಂಡು ಕೊಲಾಜೆನ್ ಆಗುತ್ತದೆ.

ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಡಿ.ಎನ್.ಎ. ರಚನೆ ಕಂಡುಹಿಡಿದ ಕ್ರಿಕ್ ಮತ್ತು ಅವರ ಜೊತೆಗಾರ ರಿಚ್ ತಪ್ಪು ತೋರಿಸಿದರು. ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಇರಬಾರದಷ್ಟು ಹತ್ತಿರ ಇವೆ ಎಂಬುದು ಅವರ ಆಕ್ಷೇಪ. ಅವರ ಮಾತಿನಲ್ಲಿ ಸತ್ಯವೂ ಇತ್ತು. ಮಾದರಿಯನ್ನು ತಿದ್ದಬೇಕಾಯಿತು, ಮೂರೆಳೆಯ ಮೂಲ ಕಲ್ಪನೆ ಮಾತ್ರ ಗಟ್ಟಿಯಾಗಿ ಉಳಿಯಿತು. ನಾವಾದರೆ ಮುಖ ಊದಿಸಿಕೊಂಡು ಕೂತುಬಿಡುತ್ತಿದ್ದೆವು. ರಾಮಚಂದ್ರನ್ ಹಾಗಾದರೆ ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಹುದು ಅಂತ ಹುಡುಕಲಿಕ್ಕೆ ಹೊರಟರು. ಅಲ್ಲಿವರೆಗೆ ಸಿಕ್ಕಿದ್ದ ಅಮೈನೋ ಆಮ್ಲಗಳ ಹರಳುಗಳ ಲೆಕ್ಕವನ್ನೆಲ್ಲ ಒಟ್ಟು ಮಾಡಿದರು.

ಇಲ್ಲಿ ಸ್ವಲ್ಪ ನಿಧಾನ ಓದಿ. ಪ್ರೋಟೀನು ಅಂದರೆ ಅಮೈನೋ ಆಮ್ಲದ ಮಣಿಗಳ ಸರ. ಒಂದೊಂದು ಮಣಿಯ ಹತ್ತಿರ ಸರ ಎರಡು ಕಡೆ ತಿರುಗಬಹುದು, ಎಂದರೆ ಎರಡು ಕೋನ. ಆದರೆ ಬೇಕಾದ ಹಾಗೆ ತಿರುಗಲಿಕ್ಕೆ ಆಗುವುದಿಲ್ಲ. ತರಗತಿಯ ಬಾಗಿಲು ಪೂರ್ತಿ ತೆರೆದರೆ ಪಕ್ಕದ ಕಪಾಟಿನ ಬಾಗಿಲು ತಾಗುತ್ತದಲ್ಲ, ಹಾಗೆ ಪರಮಾಣುಗಳು ತಾಗುತ್ತವೆ. ಯಾವ ಕೋನ ಆಗಬಹುದು, ಯಾವುದು ಆಗದು ಅಂತ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆ ಸೇರಿ ಲೆಕ್ಕ ಹಾಕಿ 1963ರಲ್ಲಿ ಒಂದು ಚೌಕದೊಳಗೆ ಬರೆದು ತೋರಿಸಿದರು. ಚೌಕದ ಹೆಚ್ಚಿನ ಜಾಗ ಖಾಲಿ, ಅಂದರೆ ನಿಷಿದ್ಧ. ಅದೇ ರಾಮಚಂದ್ರನ್ ನಕ್ಷೆ. ಆಗ ರಚನೆ ಗೊತ್ತಿದ್ದ ಪ್ರೋಟೀನುಗಳು ಬೆರಳೆಣಿಕೆ. ಆಮೇಲೆ ಸಿಕ್ಕಿದ ಸಾವಿರಾರು ಪ್ರೋಟೀನುಗಳ ಚುಕ್ಕೆಗಳೂ ಹೆಚ್ಚುಕಡಿಮೆ ಅವರು ಹೇಳಿದ ಜಾಗದಲ್ಲೇ ಬಂದು ಕೂತವು!

ಇದಕ್ಕೂ ಕಾಯಿಲೆಗೂ ಎಂತ ಸಂಬಂಧ ಅಂತ ಕೇಳಬಹುದು. ಕೊಲಾಜೆನ್ನಿನ ಮೂರು ಎಳೆ ಸೇರುವ ನಡುಜಾಗ ಬಹಳ ಇಕ್ಕಟ್ಟು. ಪ್ರತಿ ಮೂರನೆಯ ಮಣಿ ಅಲ್ಲಿಗೆ ಬರುತ್ತದೆ. ಅಲ್ಲಿ ಹಿಡಿಸುವುದು ಗ್ಲೈಸಿನ್ ಎಂಬ ಸಪೂರದ್ದು ಮಾತ್ರ. ಬೆಂಚಿನಲ್ಲಿ ಇಬ್ಬರ ನಡುವೆ ತೋರದವನು ನುಗ್ಗಿದರೆ ಎಂತ ಆಗುತ್ತದೆ? ಹುಟ್ಟುವಾಗಲೇ ಜೀನಿನಲ್ಲಿ ಒಂದಕ್ಷರ ತಪ್ಪಿ ಗ್ಲೈಸಿನ್ ಜಾಗಕ್ಕೆ ದೊಡ್ಡ ಮಣಿ ಬಂದರೆ ಹುರಿ ಕೆಡುತ್ತದೆ, ಎಲುಬು ಸುಲಭವಾಗಿ ಮುರಿಯುತ್ತದೆ. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಅಪರೂಪದ ಕಾಯಿಲೆ ಹೆಚ್ಚಾಗಿ ಹೀಗೆ ಬರುವುದು. ಸುಮಾರು 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ. ಎತ್ತಿ ಆಡಿಸಲಿಕ್ಕೂ ತಾಯಿಗೆ ಹೆದರಿಕೆ. ಎಲುಬು ಗಟ್ಟಿಯಾಗಲಿಕ್ಕೆ ಮದ್ದು ಕೊಡುತ್ತಾರೆ, ಮೂಲದ ತಪ್ಪು ಸರಿ ಮಾಡುವ ಮದ್ದು ಇನ್ನೂ ಇಲ್ಲ. ರೋಗಿಗಳು ಕಡಿಮೆ ಆದ್ದರಿಂದ ಖರ್ಚು ಮಾಡುವವರೂ ಕಡಿಮೆ. ಅದಕ್ಕೇ ಇಂಥ ಕಾಯಿಲೆಗಳಿಗೆ ಮದ್ದು ಹುಡುಕುವಾಗ ಮೊದಲು ಕಂಪ್ಯೂಟರಿನಲ್ಲಿ ಪ್ರೋಟೀನಿನ ರೂಪ ಕಟ್ಟಿ, ಅದಕ್ಕೆ ಯಾವ ಅಣು ಕೂರಬಹುದು ಅಂತ ಸಾವಿರಾರು ಅಣುಗಳನ್ನು ಸೋಸುತ್ತಾರೆ. ಕಟ್ಟಿದ ರೂಪ ಸರಿ ಉಂಟಾ ಅಂತ ನೋಡಲಿಕ್ಕೆ ಈ ನಕ್ಷೆ.

ರಾಮಚಂದ್ರನ್ 1970ರ ಹೊತ್ತಿಗೆ ಮದ್ರಾಸು ಬಿಟ್ಟು ಪುನಃ ಬೆಂಗಳೂರಿಗೆ ಬಂದು, ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗ ಕಟ್ಟಿದರು. 1971ರಲ್ಲಿ ಲಕ್ಷ್ಮೀನಾರಾಯಣನ್ ಜೊತೆ, ಎಕ್ಸ್‌ರೇ ನೆರಳುಗಳಿಂದ ಒಳಗಿನ ಚಿತ್ರ ಮಾಡುವ ಸುಲಭ ಲೆಕ್ಕವನ್ನೂ ಕೊಟ್ಟರು. ಸಿ.ಟಿ. ಸ್ಕ್ಯಾನಿಗೆ ಅದು ಬಹಳ ಉಪಯೋಗಕ್ಕೆ ಬಂತು. 1979ರಲ್ಲಿ ಸ್ಕ್ಯಾನಿಗೆ ನೊಬೆಲ್ ಬಂದಾಗ ಹೆಸರು ಬೇರೆಯವರದ್ದು. ನನಗಂತೂ ಓದುವಾಗ ಬೇಜಾರಾಯಿತು. 1977ರಲ್ಲಿ ಲಂಡನಿನ ರಾಯಲ್ ಸೊಸೈಟಿಯ ಫೆಲೋ ಆದರು, 1999ರಲ್ಲಿ ಎವಾಲ್ಡ್ ಪ್ರಶಸ್ತಿ ಬಂತು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಕಾಡಿತು. 1998ರಲ್ಲಿ ಹೆಂಡತಿ ರಾಜಲಕ್ಷ್ಮಿ ತೀರಿಕೊಂಡರು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ಅವರೂ ತೀರಿಕೊಂಡರು.

ಕೆಳಗೆ ಅವರ ನಕ್ಷೆಯನ್ನು ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದ್ದೇನೆ. ಹಸಿರು ಇದ್ದಲ್ಲಿ ಆಗಬಹುದು, ಬಿಳಿ ಇದ್ದಲ್ಲಿ ಆಗದು. ಗೆರೆ ಸ್ವಲ್ಪ ಸೊಟ್ಟ ಆಗಿದೆ.