ಡ್ರಿಲ್ ಮೇಷ್ಟ್ರು ಮುದ್ದಣ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಫೋನ್ ಮಾಡಿದಾಗ ನಾನು ಕಂಪ್ಯೂಟರ್ ವಿಷಯವನ್ನೇ ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ನಾನು, ಸಾಹಿತ್ಯ ಓದಿದವನಲ್ಲ. ಆದರೂ ಒಬ್ಬ ಮೇಷ್ಟ್ರ ಬಗ್ಗೆ ಬರೆಯಬೇಕೆನ್ನಿಸಿತು. ನಮ್ಮ ಶಾಲೆಯವರಲ್ಲ, ನಮ್ಮ ಶಾಲೆ ಹುಟ್ಟುವುದಕ್ಕೆ ಎಷ್ಟೋ ಮೊದಲೇ ತೀರಿಕೊಂಡವರು. ಉಡುಪಿಯಲ್ಲಿ ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ. ಮುದ್ದಣ ಎಂದರೆ ಎಲ್ಲರಿಗೂ ಗುರುತು ಹತ್ತುತ್ತದೆ.

ಅವರು ಹುಟ್ಟಿದ್ದು 1870ರಲ್ಲಿ, ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ. ಮನೆಯಲ್ಲಿ ಬಡತನ. ಓದು ಹೆಚ್ಚು ದೂರ ಹೋಗಲಿಲ್ಲ. ಮದ್ರಾಸಿಗೆ ಹೋಗಿ ವ್ಯಾಯಾಮದ ತರಬೇತಿ ಪಡೆದು ಬಂದು ಡ್ರಿಲ್ ಮೇಷ್ಟ್ರಾದರು. ಕರಾವಳಿಯವರಾದ್ದರಿಂದ ಯಕ್ಷಗಾನದ ಗುಂಗು ಇದ್ದೇ ಇತ್ತು. ರತ್ನಾವತಿ ಕಲ್ಯಾಣ, ಕುಮಾರ ವಿಜಯ ಎಂಬ ಎರಡು ಪ್ರಸಂಗಗಳನ್ನು ಬರೆದರು. ಬೆಳಿಗ್ಗೆ ಮೈದಾನದಲ್ಲಿ ಹುಡುಗರ ಸಾಲು ಸರಿಮಾಡುವುದು, ರಾತ್ರಿ ಹಳಗನ್ನಡ ಕಾವ್ಯಗಳಲ್ಲಿ ಮುಳುಗುವುದು. ಪಿ.ಟಿ. ಮೇಷ್ಟ್ರೆಂದರೆ ಸೀಟಿ ಮತ್ತು ಬೆತ್ತ ಮಾತ್ರ ಎಂದುಕೊಂಡಿದ್ದ ನಮ್ಮ ಬ್ಯಾಚಿನವರು ಇದನ್ನು ಗಮನಿಸಬೇಕು.

ಆಗ ಮೈಸೂರಿನಲ್ಲಿ ಎಂ.ಎ. ರಾಮಾನುಜಯ್ಯಂಗಾರ್, ಎಸ್.ಜಿ. ನರಸಿಂಹಾಚಾರ್ ಎಂಬ ವಿದ್ವಾಂಸರು ಹಳೆಯ ಓಲೆಗರಿಗಳಲ್ಲಿದ್ದ ಕನ್ನಡ ಕಾವ್ಯಗಳನ್ನು ಹುಡುಕಿ ಕಾವ್ಯಮಂಜರಿ ಎಂಬ ಮಾಸಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಆಮೇಲೆ ಬಂದದ್ದು ಕಾವ್ಯಕಲಾನಿಧಿ. ಲಕ್ಷ್ಮೀನಾರಣಪ್ಪನವರು ಗದ್ಯದಲ್ಲಿ ಅದ್ಭುತ ರಾಮಾಯಣ ಬರೆದು ಅದನ್ನು ಮೈಸೂರಿಗೆ ಕಳಿಸಿದರು. ತಾನು ಬರೆದದ್ದೆಂದು ಹೇಳಲಿಲ್ಲ. ಯಾರೋ ಹಳೆಯ ಕವಿಯ ಪ್ರತಿ ತನಗೆ ಸಿಕ್ಕಿತು ಎಂಬಂತೆ ಕಳಿಸಿದರು. ಶ್ರೀರಾಮ ಪಟ್ಟಾಭಿಷೇಕ ಎಂಬ ಷಟ್ಪದಿ ಕಾವ್ಯ, ಕೊನೆಗೆ ಶ್ರೀರಾಮಾಶ್ವಮೇಧ, ಎಲ್ಲವೂ ಹೀಗೆಯೇ ಹೋದವು. ಪಂಡಿತರು ಹಳಗನ್ನಡದ ಕೃತಿಗಳೆಂದೇ ನಂಬಿ ಅಚ್ಚು ಮಾಡಿದರು.

ಯಾಕೆ ಹಾಗೆ ಮಾಡಿದರೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಮದ್ರಾಸ್ ಪ್ರಾಂತ್ಯದ ಒಂದು ಮೂಲೆಯ ಡ್ರಿಲ್ ಮೇಷ್ಟ್ರು, ಇಪ್ಪತ್ತೈದರ ಹರೆಯ. ಹೆಸರು ಹಾಕಿ ಕಳಿಸಿದ್ದರೆ ಮೈಸೂರಿನ ಪಂಡಿತರು ಎಷ್ಟು ಪುಟ ಓದುತ್ತಿದ್ದರು? ಹಳೆಯ ಕವಿ ಎಂದರೆ ಒಂದೊಂದು ಪದವನ್ನೂ ತೂಗಿ ನೋಡುತ್ತಾರೆ. ನಮ್ಮ ಕೆಲಸದಲ್ಲೂ ಇದುಂಟು. ಹಿರಿಯರು ಬರೆದ ಕೋಡ್ ಅರ್ಥವಾಗದಿದ್ದರೆ ನಮಗೇ ಬುದ್ಧಿ ಸಾಲದು ಎಂದು ಮತ್ತೆ ಓದುತ್ತೇವೆ; ಹೊಸ ಹುಡುಗ ಬರೆದದ್ದು ಅರ್ಥವಾಗದಿದ್ದರೆ ಅದರಲ್ಲೇ ತಪ್ಪಿದೆ ಎನ್ನುತ್ತೇವೆ. ಲಕ್ಷ್ಮೀನಾರಣಪ್ಪನವರಿಗೆ ಬೇಕಿದ್ದದ್ದು ಆ ಮತ್ತೆ ಓದುವ ಓದು ಎಂದು ನನ್ನ ಊಹೆ. ಅದು ಸಿಕ್ಕಿತು. ಆದರೆ ಸಿಕ್ಕಿದ್ದು ಇಲ್ಲದ ಒಬ್ಬ ಹಳೆಯ ಕವಿಗೆ. ಓದಿದವರು ಮೆಚ್ಚಿದಾಗ, ಅದು ನಾನೇ ಎನ್ನುವ ಹಾಗಿರಲಿಲ್ಲ.

ರಾಮಾಶ್ವಮೇಧದಲ್ಲಿ ಬರುವ ಮನೋರಮೆಯನ್ನು ನೆನಪು ಮಾಡಿಕೊಳ್ಳಿ. ಮಳೆಗಾಲ. ಮನೆಗೆ ಬಂದ ಮುದ್ದಣನನ್ನು ಹೆಂಡತಿ ಮನೋರಮೆ ಉಪಚರಿಸಿ ಕಥೆ ಹೇಳೆನ್ನುತ್ತಾಳೆ. ಯಾವ ಕಥೆಯೆಂದು ಅವಳೇ ಆರಿಸುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ. ಅವನು ಸಂಸ್ಕೃತದ ಬಿಗಿ ಸಮಾಸಗಳಿಂದ ಶುರುಮಾಡಿದರೆ ತಡೆದು ನಿಲ್ಲಿಸಿ, ತಿಳಿಯುವ ಕನ್ನಡದಲ್ಲಿ ಹೇಳೆಂದು ಗದರುತ್ತಾಳೆ. ಕಥೆಯ ನಡುವೆ ಪ್ರಶ್ನೆ, ತಕರಾರು, ನಗು. ತರಗತಿಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಇಬ್ಬರ ಮಾತನ್ನೂ ದನಿ ಬದಲಿಸಿ ಓದುವಾಗ ನಾವು ಅದನ್ನು ಗಂಡಹೆಂಡಿರ ಸರಸ ಎಂದು ನಕ್ಕದ್ದೇ ನಕ್ಕದ್ದು. ಮನೋರಮೆಯಲ್ಲಿ ಕವಿಯ ಹೆಂಡತಿಯನ್ನೇ ಕಾಣುವವರಿದ್ದಾರೆ, ಇರಬಹುದು. ಈಗ ಓದಿದರೆ ನನಗೆ ಬೇರೆಯೇ ಕಾಣುತ್ತದೆ. ತಾನು ಯಾರೆಂದು ಹೇಳಿಕೊಳ್ಳಲಾರದ ಬರಹಗಾರ, ಒಂದು ಪದವನ್ನೂ ಸುಮ್ಮನೆ ಬಿಡದ ಓದುಗಳೊಬ್ಬಳನ್ನು ಪುಸ್ತಕದೊಳಗೇ ಕೂರಿಸಿಕೊಂಡಿದ್ದಾನೆ. ಅವಳು ಅವನನ್ನು ಹೊಗಳುವುದಕ್ಕಿಂತ ತಡೆಯುವುದೇ ಹೆಚ್ಚು.

1901ರ ಫೆಬ್ರವರಿಯಲ್ಲಿ ಕ್ಷಯರೋಗದಿಂದ ಅವರು ತೀರಿಕೊಂಡರು. ಆಗ ವಯಸ್ಸು 31. ನಂದಳಿಕೆಯ ಲಕ್ಷ್ಮೀನಾರಣಪ್ಪನೇ ಮುದ್ದಣನೆಂಬ ಗುಟ್ಟು ಕನ್ನಡ ನಾಡಿಗೆ ತಿಳಿದದ್ದು ಆಮೇಲೆ, ಕರಾವಳಿಯ ಬಲ್ಲವರಿಂದ. ಈಗ ನಂದಳಿಕೆಯಲ್ಲಿ ಅವರ ಹೆಸರಿನಲ್ಲಿ ಕಾರ್ಯಕ್ರಮಗಳಾಗುತ್ತವೆ.

ಇಷ್ಟು ಬರೆದ ಮೇಲೆ ನನ್ನದೂ ಒಂದು ಹೇಳಿಬಿಡುತ್ತೇನೆ. ಒಂಬತ್ತನೇ ತರಗತಿಯಲ್ಲಿದ್ದಾಗ ಗೋಡೆ ಪತ್ರಿಕೆಗೆ ನಮ್ಮೂರ ಕೆರೆಯ ಮೇಲೆ ಒಂದು ಪದ್ಯ ಕೊಟ್ಟಿದ್ದೆ. ಹುಡುಗರು ನಗುತ್ತಾರೆಂದು ಹೆದರಿ, ನಮ್ಮಜ್ಜನ ಹಳೇ ನೋಟ್‌ಬುಕ್ಕಿನಲ್ಲಿತ್ತು ಎಂದು ಹೇಳಿದ್ದೆ. ಕನ್ನಡ ಮೇಷ್ಟ್ರು ಅದರ ಮುಂದೆ ತುಂಬ ಹೊತ್ತು ನಿಂತು ಓದಿದರು. ಕೊನೆಯ ಸಾಲಿನ ಒಂದು ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹೋದರು. ಆ ದಿನ ನನಗಾದ ಖುಷಿ ರ‍್ಯಾಂಕ್ ಬಂದಾಗಲೂ ಆಗಿಲ್ಲ. ಯಾರಿಗೂ ಹೇಳಲಾಗದ ಸಂಕಟವೂ ಅಷ್ಟೇ ಇತ್ತು. ಮೇಷ್ಟ್ರು ನಿವೃತ್ತರಾಗಿ ಊರಲ್ಲೇ ಇದ್ದಾರೆ, ಈ ಸಂಚಿಕೆ ಅವರ ಕೈಗೂ ಹೋಗುತ್ತದೆ. ಸಾರ್, ನಮ್ಮಜ್ಜನಿಗೆ ಓದು ಬರಹ ಬರುತ್ತಿರಲಿಲ್ಲ. ಆ ಪದವನ್ನು ಆಮೇಲೆ ಬದಲಾಯಿಸಿದ್ದೇನೆ. ಸಮಾರಂಭದ ದಿನ ಬರುವಾಗ ಪದ್ಯ ತರುತ್ತೇನೆ.